ಬಾರ್ಜಿಗೊಂದು ದೀಪ

ಮೊನ್ನೆ ಫೋರ್ಟ್ ಕಡೆ ಒಂದು ರಿಸೆಪ್ಷನ್ನು ಮುಗಿಸ್ಕೊಂಡು ರಾತ್ರಿ ಹತ್ತೂವರೆಗೆ ಟ್ಯಾಕ್ಸಿಯಲ್ಲಿ ವಡಾಲಕ್ಕೆ ವಾಪಸು ಬರ್ತಾ ಇದ್ವಿ. ಈಸ್ಟರ್ನ್ ಫ್ರೀವೇ ಹತ್ತಿದ್ರೆ ಬಲಗಡೆ ಪೂರ್ತಿ ಬಂದರಿನ ಜಾಗ. 2013ರಲ್ಲಿ ಈ ರಸ್ತೆ ಆಗುವ ತನಕ ನಮ್ಮಂಥವರಿಗೆ ಆ ಕಡೆ ಕಾಣ್ತಿದ್ದದ್ದು ಬರೀ ಗೋಡೆ, ಗೋದಾಮು, ಲಾರಿ. ಈಗ ಮೇಲಿಂದ ಎಲ್ಲಾ ಕಾಣತ್ತೆ. ಶಿವಡಿ ಹತ್ತಿರ ಬಂದಾಗ ಅಟಲ್ ಸೇತುವಿನ ದೀಪದ ಸಾಲು ಸಮುದ್ರದ ಮೇಲೆ ಹಾರ ಹಾಕಿದ ಹಾಗೆ ದೂರದವರೆಗೂ ಹೋಗಿತ್ತು. ಅದರ ಈಚೆಗೆ, ದಡದ ಹತ್ತಿರ, ನೀರಿಗಿಂತ ಸ್ವಲ್ಪ ಹೆಚ್ಚು ಕಪ್ಪಾಗಿರೋ ನಾಲ್ಕೈದು ಗುಪ್ಪೆ.

ನಾನು ಕಿಟಕಿಗೆ ಮುಖ ಒತ್ತಿಕೊಂಡು ನೋಡ್ತಿದ್ದೆ. "ಕತ್ತಲೆಯಲ್ಲಿ ಏನು ನೋಡ್ತೀರಿ?" ಅಂದಳು ನನ್ನಾಕೆ. "ಬಾರ್ಜು" ಅಂದೆ. "ನಿಮ್ಮ ಆ ರೋಗ ಇನ್ನೂ ಹೋಗಿಲ್ವಾ" ಅಂತ ಕಣ್ಣು ಮುಚ್ಚಿಕೊಂಡಳು. ಆ ರೋಗ ಏನು ಅನ್ನೋದನ್ನ ಇವತ್ತು ಹೇಳಿಬಿಡ್ತೀನಿ.

ಊರ ಕಡೆಯವರಿಗೆ ಬಾರ್ಜು ಅಂದ್ರೆ ಸಿಗಂದೂರಿನ ಲಾಂಚು ನೆನಪಿಗೆ ಬರಬಹುದು. 2025ರ ಜುಲೈಯಲ್ಲಿ ಸೇತುವೆ ಆಗೋ ತನಕ ಬಸ್ಸು, ಕಾರು, ಜನ ಎಲ್ಲಾ ಹೇರಿಕೊಂಡು ಶರಾವತಿ ಹಿನ್ನೀರು ದಾಟಿಸ್ತಿತ್ತಲ್ಲ, ಅದೇ. ಅದರ ಎಂಜಿನ್ನು ಕಿತ್ತು, ಹೊಟ್ಟೆ ಆಳ ಮಾಡಿ, ಮೇಲೆ ಯಾರೂ ಇಲ್ಲದ ಹಾಗೆ ಮಾಡಿ. ಅದೇ ನಾನು ಹೇಳ್ತಿರೋ ಬಾರ್ಜು. ತಾನಾಗಿ ಓಡಲ್ಲ, ಟಗ್ ಎಳೆಯಬೇಕು. ದೊಡ್ಡ ಹಡಗು ಆಳದ ನೀರಿನಲ್ಲಿ ಲಂಗರು ಹಾಕಿ ನಿಲ್ಲತ್ತೆ. ಬಾರ್ಜು ಅದರ ಮಗ್ಗುಲಿಗೆ ಹೋಗಿ ಗಂಧಕ, ಗೊಬ್ಬರ, ಬೇಳೆಕಾಳು ಏನಿದೆಯೋ ಅದನ್ನ ತುಂಬಿಸ್ಕೊಂಡು ಬಂದರಕ್ಕೆ ಬರತ್ತೆ. 1989ರಲ್ಲಿ ನ್ಹಾವಾ ಶೇವಾದಲ್ಲಿ ಜೆಎನ್‌ಪಿಟಿ ಶುರುವಾಗಿ ಕಂಟೇನರೆಲ್ಲ ಆಚೆ ದಡಕ್ಕೆ ಹೋದ ಮೇಲೆ ನಮ್ಮ ಈ ದಡದ ಬಂದರಗಳ ಗಲಾಟೆ ಇಳೀತು. ಹಾಗಂತ ಬಾರ್ಜು ಹೋಗಲಿಲ್ಲ. ಧರಮತರ್ ಖಾಡಿಯಲ್ಲಿ, ಅಂದರೆ ಅಂಬಾ ನದಿಯಲ್ಲಿ, ಡೋಲ್ವಿಯ ಉಕ್ಕಿನ ಕಾರ್ಖಾನೆಗೆ ಮಾಲು ಹೊತ್ತುಕೊಂಡು ಬಾರ್ಜುಗಳು ಓಡಾಡ್ತವೆ. 2016ರ ಕಾಯ್ದೆಯಲ್ಲಿ ದೇಶದ 111 ನದಿ, ಖಾಡಿ, ಕಾಲುವೆಗಳನ್ನ ರಾಷ್ಟ್ರೀಯ ಜಲಮಾರ್ಗ ಅಂತ ಮಾಡಿದಾಗ ಈ ಅಂಬಾ ನದಿಗೆ 10ನೇ ನಂಬರು ಸಿಕ್ಕಿತು. ನಮ್ಮ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ ನದಿಗಳೂ ಆ ಪಟ್ಟಿಯಲ್ಲಿವೆ. ಆದ್ದರಿಂದ ಇದು ಮುಂಬಯಿಯವರ ಗೋಳು ಮಾತ್ರ ಅಂತ ತಿಳ್ಕೋಬೇಡಿ.

ನನ್ನ ಮಾತು ಇಷ್ಟೇ: ರಾತ್ರಿ ನೀರಿನಲ್ಲಿ ಕಟ್ಟಿಹಾಕಿದ ಪ್ರತಿಯೊಂದು ಬಾರ್ಜಿನ ಗುಂಪಿಗೂ ದೀಪ ಇರಲೇಬೇಕು. ಆ ದೀಪದ ಜವಾಬ್ದಾರಿ ಯಾರದ್ದು ಅಂತ ಒಂದೇ ಒಂದು ಹೆಸರು ಕಾಗದದ ಮೇಲೆ ಇರಬೇಕು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಬರೀಬೇಕಾ ಅಂತ ಅನ್ನಿಸಬಹುದು.

ನಾನು 1978ರಲ್ಲಿ ಕುಮಟೆಯಿಂದ ಬಂದವನು. ಬಂದು ಎರಡನೇ ವರ್ಷಕ್ಕೆ ಒಂದು ಕ್ಲಿಯರಿಂಗ್ ಏಜೆನ್ಸಿಯಲ್ಲಿ ಬಿಲ್ ಕ್ಲಾರ್ಕ್ ಆದೆ. ಹೆಸರು ಬೇಡ, ಆ ಕಂಪನಿ ಈಗ ಇಲ್ಲ. ಬಾರ್ಜುಗಳನ್ನ ತಿಂಗಳ ಬಾಡಿಗೆಗೆ ತಗೋತಿದ್ರು. ತಿಂಗಳ ಕೊನೆಗೆ ಕಂಟ್ರಾಕ್ಟರನ ಬಿಲ್ಲು ನನ್ನ ಟೇಬಲ್ಲಿಗೆ ಬರ್ತಿತ್ತು: ಬಾರ್ಜಿನ ಬಾಡಿಗೆ, ಟಗ್ಗಿನ ಬಾಡಿಗೆ, ಹಗ್ಗ, ವಾಚ್‌ಮನ್ನು, ಮತ್ತೆ ಕೆಳಗೆ ಒಂದು ಸಾಲು, "ಬ್ಯಾಟರಿ ಚಾರ್ಜಿಂಗ್, ಲೈಟಿಗಾಗಿ". ನಾಲ್ಕು ಬಾರ್ಜು ಸೇರಿ ನೂರು ರೂಪಾಯಿನೂ ಆಗ್ತಿರಲಿಲ್ಲ. ನಮ್ಮ ಸಾಹೇಬರು ಒಂದು ದಿನ ಆ ಸಾಲಿನ ಮೇಲೆ ಬೆರಳಿಟ್ಟು, "ಇದು ಬಾರ್ಜಿನ ಮಾಲೀಕನ ಖರ್ಚು, ನಮ್ಮದಲ್ಲ, ತೆಗಿ" ಅಂದರು. ಕೆಂಪು ಪೆನ್ನಲ್ಲಿ ತೆಗೆದೆ. ಮುಂದಿನ ತಿಂಗಳೂ ತೆಗೆದೆ. ಮೂರನೇ ತಿಂಗಳು ಆ ಸಾಲೇ ಬರಲಿಲ್ಲ. ದುಡ್ಡು ಉಳಿಸಿದೆ ಅಂತ ನನಗೆ ಒಳಗೊಳಗೇ ಖುಷಿನೂ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ.

1987ರ ಜನವರಿ. ಮುಂಬಯಿಯ ಚಳಿಗಾಲದ ಬೆಳಗಿನ ಜಾವ ಹೇಗಿರತ್ತೆ ಗೊತ್ತಲ್ಲ, ಮಂಜು ಅಲ್ಲ, ಹೊಗೆನೂ ಅಲ್ಲ, ಎರಡೂ ಕಲಸಿದ ಒಂದು ಪರದೆ. ಐದು ಗಂಟೆ ಹೊತ್ತಿಗೆ ಒಬ್ಬ ಕೋಳಿ ಮೀನುಗಾರ ತನ್ನ ಸಣ್ಣ ದೋಣಿಯಲ್ಲಿ ಮಗನ ಜೊತೆ ಬಲೆ ತೆಗೆಯೋಕೆ ಹೊರಟವನು ಸೀದಾ ಬಂದು ನಮ್ಮ ಬಾರ್ಜಿಗೆ ಹೊಡೆದ. ನಾಲ್ಕು ಬಾರ್ಜನ್ನ ಒಂದಕ್ಕೊಂದು ಮಗ್ಗುಲಿಗೆ ಕಟ್ಟಿದ್ದರು. ಎಲ್ಲಕ್ಕಿಂತ ಹೊರಗಿನದ್ದು ನಮ್ಮದು. ದೀಪ ಇರಲಿಲ್ಲ. ದೋಣಿಯ ಮುಂಭಾಗ ಸೀಳಿ ಹೋಯ್ತು, ಅಪ್ಪನ ಭುಜದ ಮೂಳೆ ಮುರೀತು, ಮಗ ನೀರಿಗೆ ಬಿದ್ದು ಬಾರ್ಜಿನ ಹಗ್ಗ ಹಿಡ್ಕೊಂಡು ಉಳಿದ. ಹದಿನೈದು ವರ್ಷದ ಹುಡುಗ.

ಪರಿಹಾರ ಕೇಳಿ ಒಂದು ಅರ್ಜಿ ಬಂತು. ಯಾರೋ ಮರಾಠಿಯಲ್ಲಿ ಚೆನ್ನಾಗಿ ಬರೆದುಕೊಟ್ಟಿದ್ದರು. ಅದಕ್ಕೆ ಉತ್ತರ ಟೈಪ್ ಮಾಡಿದವನು ನಾನೇ. ಸಾಹೇಬರು ಹೇಳಿ ಬರೆಸಿದ್ದು ಎರಡು ಪಾಯಿಂಟು. ಒಂದು, ನಿಮ್ಮ ದೋಣಿಯಲ್ಲೂ ದೀಪ ಇರಲಿಲ್ಲ. ಎರಡು, ದೀಪದ ನಿಯಮ ಇರೋದು ಲಂಗರು ಹಾಕಿದ ನೌಕೆಗೆ. ನಮ್ಮ ಬಾರ್ಜು ಲಂಗರು ಹಾಕಿರಲಿಲ್ಲ, ದಡಕ್ಕೆ ಕಟ್ಟಿತ್ತು.

ಮೊದಲನೇದು ನಿಜ. ಸಣ್ಣ ದೋಣಿಯವರು ಟಾರ್ಚು ಇಟ್ಕೊಂಡು ಹೋಗ್ತಾರೆ, ಬೇಕಾದಾಗ ಮಾತ್ರ ಹಾಕ್ತಾರೆ. ಅದು ಅವರ ತಪ್ಪು, ನಾನು ಅಲ್ಲ ಅನ್ನಲ್ಲ. ಆದ್ರೆ ಎರಡನೇದು ನನ್ನ ತಲೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ನಿಯಮ ಹಾಗೆ ಇರಬಹುದಾ? ಇದೇ ನನ್ನ ರೋಗ. ಅವತ್ತಿಂದ ಸಿಕ್ಕಿದ ಪುಸ್ತಕ, ಸುತ್ತೋಲೆ, ಎಲ್ಲಾ ಓದಿದೆ. ದುಃಖದ ಸಂಗತಿ ಅಂದ್ರೆ ಸಾಹೇಬರ ವಾದ ಪೂರ್ತಿ ಸುಳ್ಳಾಗಿರಲಿಲ್ಲ.

ಸಮುದ್ರದಲ್ಲಿ ಡಿಕ್ಕಿ ತಪ್ಪಿಸೋಕೆ ಅಂತ ಇಡೀ ಜಗತ್ತು ಒಪ್ಪಿಕೊಂಡ ನಿಯಮಾವಳಿ ಒಂದಿದೆ. 1972ರಲ್ಲಿ ಆಗಿದ್ದು, 1977ರ ಜುಲೈಯಿಂದ ಜಾರಿ. ಅದರ 30ನೇ ನಿಯಮ ಲಂಗರು ಹಾಕಿದ ನೌಕೆಗಳದ್ದು. ಮುಂಭಾಗದಲ್ಲಿ ಸುತ್ತಲೂ ಕಾಣುವ ಒಂದು ಬಿಳಿ ದೀಪ, ಹಿಂಭಾಗದಲ್ಲಿ ಅದಕ್ಕಿಂತ ಕೆಳಗೆ ಇನ್ನೊಂದು. 50 ಮೀಟರಿಗಿಂತ ಚಿಕ್ಕದಾದರೆ ಚೆನ್ನಾಗಿ ಕಾಣುವ ಕಡೆ ಒಂದೇ ದೀಪ ಸಾಕು. ಆ ದೀಪ ಕನಿಷ್ಠ ಎರಡು ನಾಟಿಕಲ್ ಮೈಲು, ಅಂದ್ರೆ ಮೂರೂಮುಕ್ಕಾಲು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ, ದೂರದಿಂದ ಕಾಣಬೇಕು. ಸೂರ್ಯ ಮುಳುಗಿದಾಗಿಂದ ಹುಟ್ಟೋ ತನಕ ಉರೀಬೇಕು. ಕೆಸರಲ್ಲಿ ಹೂತು ಕೂತರೆ ಇದರ ಜೊತೆಗೆ ಒಂದರ ಕೆಳಗೊಂದು ಎರಡು ಕೆಂಪು ದೀಪ. ನಮ್ಮ ಶಿವಡಿ ಕೆಸರಲ್ಲಿ ಇಳಿತ ಬಂದಾಗಲೆಲ್ಲ ಅರ್ಧ ಬಾರ್ಜುಗಳು ಹೂತೇ ಇರ್ತವೆ, ಈ ನಿಯಮ ಅಕ್ಷರಶಃ ಪಾಲಿಸಿದರೆ ದಿನಕ್ಕೆ ಎರಡು ಸಲ ದೀಪಾವಳಿ!

ಇಷ್ಟೆಲ್ಲಾ ಹೇಳಿದ ನಿಯಮಾವಳಿ ದಡಕ್ಕೆ ಕಟ್ಟಿದ ನೌಕೆಗೆ ಯಾವ ದೀಪ ಅನ್ನೋದನ್ನ ಹೇಳೋದೇ ಇಲ್ಲ. ಅದರ ಲೆಕ್ಕದಲ್ಲಿ ನೌಕೆ ಲಂಗರು ಹಾಕಿರಬೇಕು, ದಡಕ್ಕೆ ಕಟ್ಟಿರಬೇಕು, ನೆಲಕ್ಕೆ ಕೂತಿರಬೇಕು. ಈ ಮೂರೂ ಅಲ್ಲದಿದ್ದರೆ ಚಲನೆಯಲ್ಲಿದೆ ಅಂತ ಅರ್ಥ. ಮೊದಲನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ ದೀಪ ಇದೆ. ಎರಡನೆಯದಕ್ಕೆ ಇಲ್ಲ. ಬರೆದವರ ಮನಸ್ಸಲ್ಲಿ ದೊಡ್ಡ ಧಕ್ಕೆಗೆ ಒರಗಿ ನಿಂತ, ಮೇಲೆಲ್ಲ ಲೈಟು ಇರೋ ಹಡಗು ಇದ್ದಿರಬೇಕು. ಒಂದಕ್ಕೆ ಒಂದು, ಅದಕ್ಕೆ ಇನ್ನೊಂದು ಅಂತ ಕಟ್ಟಿ, ನಾಲ್ಕನೆಯದು ಬಂದು ದೋಣಿ ಓಡಾಡೋ ದಾರಿಯಲ್ಲೇ ನಿಂತಿರೋ ಚಿತ್ರ ಇರಲಿಕ್ಕಿಲ್ಲ. ಒಳನಾಡು, ಬಂದರುಗಳಿಗೆ ಬೇಕಾದ ವಿಶೇಷ ನಿಯಮವನ್ನ ಆಯಾ ಸರ್ಕಾರಗಳೇ ಮಾಡ್ಕೊಳ್ಳಿ ಅಂತ ಮೊದಲನೇ ನಿಯಮದಲ್ಲೇ ಬಿಟ್ಟುಕೊಟ್ಟಿದ್ದಾರೆ. ಮತ್ತೆ ಎರಡನೇ ನಿಯಮ ಹೇಳತ್ತೆ, ನಿಯಮದಲ್ಲಿ ಇಲ್ಲ ಅಂತ ನಾವಿಕನಾದವನು ತೆಗೆದುಕೊಳ್ಳಬೇಕಾದ ಸಾಮಾನ್ಯ ಎಚ್ಚರಿಕೆ ಬಿಟ್ಟರೆ ಅದಕ್ಕೆ ವಿನಾಯಿತಿ ಇಲ್ಲ ಅಂತ. ಆ ಕೋಳಿ ಅಪ್ಪನ ಅರ್ಜಿ ಬರೆದವರಿಗೆ ಈ ಎರಡನೇ ನಿಯಮ ಗೊತ್ತಿದ್ದಿದ್ರೆ!

ಅಮೆರಿಕದವರು ತಮ್ಮ ಒಳನಾಡು ಜಲಮಾರ್ಗಕ್ಕೆ ಈ ತೂತು ಮುಚ್ಚಿದ್ದಾರೆ. ಮಿಸಿಸಿಪ್ಪಿಯಂಥ ನದಿಯಲ್ಲಿ ಬಾರ್ಜುಗಳದ್ದೇ ರಾಜ್ಯ ನೋಡಿ, ಅವರಿಗೆ ಅನಿವಾರ್ಯ. ಕಟ್ಟಿಹಾಕಿದ ಬಾರ್ಜಿಗೆ ಅಂತಲೇ ಅವರದ್ದು ಬೇರೆ ನಿಯಮ: ಬಾರ್ಜು ಓಡಾಟದ ದಾರಿಯೊಳಗೆ ಚಾಚಿಕೊಂಡಿದ್ರೆ, ಅಥವಾ ದಾರಿಯ ಅಗಲ 80 ಮೀಟರಿಗಿಂತ ಕಮ್ಮಿ ಆಗೋ ಹಾಗೆ ಕಟ್ಟಿದ್ರೆ, ಅಥವಾ ಮಗ್ಗುಲಿಗೆ ಎರಡಕ್ಕಿಂತ ಹೆಚ್ಚು ಬಾರ್ಜು ಇದ್ರೆ, ಇಲ್ಲಾ ಒಟ್ಟು ಅಗಲ 25 ಮೀಟರ್ ದಾಟಿದ್ರೆ, ಅಥವಾ ದಡಕ್ಕೆ ಸಮಾನಾಂತರವಾಗಿ ಕಟ್ಟದೆ ಅಡ್ಡಾದಿಡ್ಡಿ ಕಟ್ಟಿದ್ರೆ ದೀಪ ಕಡ್ಡಾಯ. ಎರಡು ಬಿಳಿ ದೀಪ, ಒಂದು ನಾಟಿಕಲ್ ಮೈಲಿಂದ ಕಾಣಬೇಕು. ಗುಂಪಾಗಿದ್ದರೆ ದಡದಿಂದ ಅತಿ ದೂರದ ಮೂಲೆಗಳಲ್ಲಿ ಇಡಬೇಕು. ಯೂರೋಪಿನ ನದಿಗಳಲ್ಲೂ ದೀಪ ದೋಣಿ ಓಡಾಡೋ ಬದಿಗೇ ಇರಬೇಕು ಅಂತಾರೆ. ನಮ್ಮ ನಾಲ್ಕನೇ ಬಾರ್ಜು ಇದರಲ್ಲಿ ಎರಡು ಮೂರು ಕಲಮಿಗೆ ಸಿಕ್ಕಿಬೀಳ್ತಿತ್ತು.

ಅದೇ ಅಮೆರಿಕದ ನಿಯಮದಲ್ಲಿ ಒಂದು ವಿನಾಯಿತಿನೂ ಇದೆ: ಚೆನ್ನಾಗಿ ಬೆಳಕಿರುವ ಜಾಗದಲ್ಲಿ ಕಟ್ಟಿದ ಬಾರ್ಜಿಗೆ ದೀಪ ಬೇಡ. ಆದ್ರೆ "ಚೆನ್ನಾಗಿ ಬೆಳಕಿರುವ ಜಾಗ" ಅಂದ್ರೆ ಯಾವುದು ಅಂತ ಬಾರ್ಜಿನ ಮಾಲೀಕ ತೀರ್ಮಾನಿಸೋ ಹಾಗಿಲ್ಲ. ಶಿಕಾಗೋ ಕಾಲುವೆಯಲ್ಲಿ ಇಂಥ ಮೈಲಿಂದ ಇಂಥ ಮೈಲಿನ ತನಕ ಅಂತ ನಿಯಮದಲ್ಲೇ ಪಟ್ಟಿ ಕೊಟ್ಟಿದ್ದಾರೆ. ಆ ಶಿಸ್ತು ನನಗೆ ಇಷ್ಟ ಆಯ್ತು.

ನಮ್ಮಲ್ಲೂ ಏನೂ ಇಲ್ಲ ಅಂತಲ್ಲ. ರಾಷ್ಟ್ರೀಯ ಜಲಮಾರ್ಗಗಳಲ್ಲಿ ಡಿಕ್ಕಿ ತಪ್ಪಿಸೋದಕ್ಕೆ 2002ರಲ್ಲೇ ನಿಯಮ ಬಂತು. 1917ರ ಒಳನಾಡು ನೌಕಾ ಕಾಯ್ದೆ ತೆಗೆದು 2021ರಲ್ಲಿ ಹೊಸ ಕಾಯ್ದೆ ಮಾಡಿದ್ರು, ಎಂಜಿನ್ ಇಲ್ಲದ ನೌಕೆಗೂ ಅದರಲ್ಲಿ ಜಾಗ ಇದೆ. ಕಾಗದ ಬೇಕಾದಷ್ಟಿದೆ. ಆದ್ರೆ ನೀರು ಯಾರದ್ದು ನೋಡಿ: ಬಂದರಿನ ಮಿತಿಯೊಳಗೆ ಮುಂಬಯಿ ಬಂದರು ಪ್ರಾಧಿಕಾರ, ಆಚೆ ಖಾಡಿಗಳಲ್ಲಿ ಮಹಾರಾಷ್ಟ್ರ ಮೆರಿಟೈಮ್ ಬೋರ್ಡು, ರಾಷ್ಟ್ರೀಯ ಜಲಮಾರ್ಗ ಅಂತ ಬಂದ್ರೆ ಒಳನಾಡು ಜಲಮಾರ್ಗ ಪ್ರಾಧಿಕಾರ. ಮೇಲಿಂದ ಪೊಲೀಸು, ಕಸ್ಟಮ್ಸು, ಕೋಸ್ಟ್ ಗಾರ್ಡು. 2008ರ ನವೆಂಬರ್ ದಾಳಿಯ ಹಂತಕರು ಕೊಲಾಬಾಕ್ಕೆ ರಬ್ಬರ್ ದೋಣಿಯಲ್ಲೇ ಬಂದಿಳಿದಿದ್ದು. ಅದಾದ ಮೇಲೆ ಮೀನುಗಾರನ ಗುರುತಿನ ಚೀಟಿ, ದೋಣಿಯ ಬಣ್ಣ, ನಂಬರು ಎಲ್ಲಾ ತಪಾಸಣೆಗೆ ಬಂತು. ಒಳ್ಳೇದೇ. ಆದ್ರೆ ಅದೇ ಗಸ್ತಿನವರು ದಾರಿಯಲ್ಲಿ ಸಿಕ್ಕ ಕತ್ತಲ ಬಾರ್ಜಿನ ನಂಬರೂ ಬರ್ಕೊಂಡು ಹೋದ್ರೆ ಏನು ಹೆಚ್ಚು ಖರ್ಚು?

"ಮುಂಬಯಿಯಲ್ಲಿ ಬೆಳಕಿಗೆ ಏನು ಬರ" ಅಂತ ಕೇಳೋರು ಇದ್ದಾರೆ. ತೊಂದರೆ ಇರೋದೇ ಅಲ್ಲಿ. ಎಲಿಫೆಂಟಾ ಕಡೆಯಿಂದ ದಡಕ್ಕೆ ಬರೋ ಲಾಂಚಿನ ಮುಂದೆ ನಿಂತು ಒಂದು ಸಲ ನೋಡಿ. ಎದುರಿಗೆ ಫ್ಲಡ್‌ಲೈಟು, ಕಟ್ಟಡ, ಸೇತುವೆ, ಆ ಕಡೆ ಮಾಹುಲದ ರಿಫೈನರಿ. ಅಷ್ಟು ಬೆಳಕು ನೀರಿನ ಮೇಲೆ ಬಿದ್ದು ಮಿಣಮಿಣ ಅಂತಿರತ್ತೆ, ಕಣ್ಣು ಅದಕ್ಕೆ ಹೊಂದಿಕೊಂಡುಬಿಡತ್ತೆ. ಮಾಲು ತುಂಬಿದ ಬಾರ್ಜು ನೀರಿಂದ ಮೇಲಿರೋದು ಮೊಣಕಾಲುದ್ದ. ಆ ಕಪ್ಪು ಗೆರೆ ಹೇಗೆ ಕಾಣಬೇಕು? ಇನ್ನು ದಡದಿಂದ ಸಮುದ್ರಕ್ಕೆ ಹೊರಟವನಿಗಂತೂ ಬೆನ್ನ ಹಿಂದೆ ಬೆಳಕು, ಮುಂದೆ ಕುರುಡು. ದಡದಲ್ಲಿ ದೀಪ ಹೆಚ್ಚಿದಷ್ಟೂ ಬಾರ್ಜಿನ ದೀಪದ ಅಗತ್ಯ ಹೆಚ್ಚೇ ಆಗತ್ತೆ.

ಫ್ಲೆಮಿಂಗೋ ಬರೋ ಜಾಗ, ಇನ್ನೂ ದೀಪ ಹಾಕಿ ಅಂತೀರಾ ಅಂತ ನನ್ನ ಸೊಸೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಆದ್ರೆ ಇದು ಅಂಗಳ ಬೆಳಗೋ ದೀಪ ಅಲ್ಲ. ಬಾರ್ಜು ತಾನು ಇಲ್ಲಿದ್ದೀನಿ ಅಂತ ಹೇಳೋಕೆ ಮಾತ್ರ. ಒಂದು ಮೈಲು ಕಾಣೋಕೆ ಕೆಲವೇ ವ್ಯಾಟಿನ ಎಲ್‌ಇಡಿ ಸಾಕು, ಮೇಲೊಂದು ಅಂಗೈಯಗಲದ ಸೋಲಾರ್ ಪ್ಲೇಟು, ಕತ್ತಲಾದ್ರೆ ತಾನಾಗೇ ಹತ್ತತ್ತೆ. ಹಕ್ಕಿಗಳಿಗೆ ತೊಂದರೆ ಆಗೋದು ದಡದಿಂದ ನೀರಿಗೆ ಮುಖ ಮಾಡಿರೋ ಫ್ಲಡ್‌ಲೈಟಿಂದ. ಅದನ್ನ ಕೆಳಮುಖ ಮಾಡಿದ್ರೆ ಹಕ್ಕಿಗೂ ಒಳ್ಳೇದು, ದೋಣಿಯವನಿಗೂ ಒಳ್ಳೇದು. ನಮ್ಮ ವಡಾಲ ರಾಮ ಮಂದಿರದ ಗಣೇಶೋತ್ಸವದ ಐದು ನಿಮಿಷದ ಕರೆಂಟಲ್ಲಿ ಇಡೀ ಶಿವಡಿಯ ಬಾರ್ಜುಗಳು ಒಂದು ರಾತ್ರಿ ಕಳೀಬಹುದೇನೋ. (ಗಣಪತಿ ಮೇಲೆ ಸಿಟ್ಟಿಲ್ಲ, ನಾನೂ ಪ್ರತಿ ವರ್ಷ ಊಟಕ್ಕೆ ಹೋಗೋನೇ.)

ಹಾಗಾದ್ರೆ ದೀಪ ಯಾಕೆ ಇರಲ್ಲ? ಇದನ್ನ ನಾನು ಆಗ ಕೇಳಿದ್ದು ನಮ್ಮ ಕಡೆಯವನೇ ಆದ ಒಬ್ಬ ತಂಡೇಲನನ್ನ. ಹೊನ್ನಾವರದ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು, ಟಗ್ಗಿನಲ್ಲಿದ್ದ. ಭಾವುಚಾ ಧಕ್ಕೆಯಲ್ಲಿ ಚಾ ಕುಡೀತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಎಂತಾ ಹೇಳೂದು ತಮಾ, ದೀಪ ಹಚ್ಚದ್ರೆ ಕಳ್ಳ ಬತ್ತ, ಹಚ್ಚದೇ ಇದ್ರೆ ದೋಣಿ ಬತ್ತದೆ." ಬ್ಯಾಟರಿ ಕದಿಯೋರು, ದೀಪ ಕದಿಯೋರು, ದೀಪ ನೋಡಿಕೊಂಡು ಬಂದು ಮಾಲು ಕದಿಯೋರು. ವಾಚ್‌ಮನ್ನು ಒಬ್ಬ, ಬಾರ್ಜು ನಾಲ್ಕು. ಅವನಿಗೆ ಬ್ಯಾಟರಿ ಹೋದ್ರೆ ಸಂಬಳದಲ್ಲಿ ಮುರ್ಕೋತಾರೆ, ದೀಪ ಇಲ್ಲದಿದ್ರೆ ಯಾರೂ ಕೇಳಲ್ಲ. ನೀವೇ ಹೇಳಿ, ಅವನು ಏನು ಮಾಡ್ತಾನೆ? ಬ್ಯಾಟರಿ ಬಿಚ್ಚಿ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾನೆ.

ಅದಕ್ಕೇ ನನ್ನ ಪ್ರಕಾರ ದಂಡ ವಾಚ್‌ಮನ್ನಿಗೆ ಬೀಳಬಾರದು, ತಂಡೇಲನಿಗೂ ಬೀಳಬಾರದು. ಬಾರ್ಜು ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಅವನು ಕೊಡ್ಲಿ. ಬಾಡಿಗೆಗೆ ಹಿಡಿದವನಿಂದ ವಸೂಲಿ ಮಾಡ್ಕೊಳ್ಳೋದು ಅವನ ಪಾಡು. ನನ್ನ ಬಿಲ್ಲಿನಲ್ಲಿ ಆಗಿದ್ದೇ ಅದು: ಮಾಲೀಕ ಬಾಡಿಗೆಯವನ ಕಡೆ ಬೆರಳು ತೋರಿಸ್ದ, ಬಾಡಿಗೆಯವನು ಮಾಲೀಕನ ಕಡೆ, ಮಧ್ಯದಲ್ಲಿ ದೀಪ ಆರಿತು. ಇನ್ನೊಂದು, ತಪಾಸಣೆ ರಾತ್ರಿ ಆಗಬೇಕು, ನೀರಿನ ಮೇಲಿಂದ ಆಗಬೇಕು. ಹಗಲು ಹನ್ನೊಂದು ಗಂಟೆಗೆ ಬಂದು "ದೀಪ ಇದೆಯಾ? ಇದೆ" ಅಂತ ಟಿಕ್ ಹಾಕಿ ಹೋಗೋದಲ್ಲ.

ಇಷ್ಟೆಲ್ಲಾ ಈಗ ಯಾಕೆ ಅಂದ್ರೆ, ನೀರಿನ ಮೇಲೆ ಜನ ಹೆಚ್ಚಾಗ್ತಾ ಇದ್ದಾರೆ. 2020ರಲ್ಲಿ ಭಾವುಚಾ ಧಕ್ಕೆಯಿಂದ ಮಾಂಡ್ವಾಕ್ಕೆ ಕಾರು ಹೊತ್ತೊಯ್ಯೋ ಹಡಗು ಶುರುವಾಯ್ತು, 2022ರಲ್ಲಿ ವಾಟರ್ ಟ್ಯಾಕ್ಸಿ ಬಂತು. ಕೊಚ್ಚಿಯಲ್ಲಿ 2023ರ ಏಪ್ರಿಲಲ್ಲಿ ವಾಟರ್ ಮೆಟ್ರೊ ಓಡಿದ ಮೇಲೆ ಮುಂಬಯಿಗೂ ಬೇಕು, ಮಂಗಳೂರಿಗೂ ಬೇಕು ಅಂತ ಯೋಜನೆಗಳು. ಬರ್ಲಿ, ಸಂತೋಷ. ವೇಗದ ದೋಣಿ, ನಿಂತ ಬಾರ್ಜು, ಅರೆಗತ್ತಲೆ, ಈ ಮೂರು ಸೇರಿದ್ರೆ ಏನಾಗತ್ತೆ ಅಂತ ಬಾಂಗ್ಲಾದೇಶದಲ್ಲಿ ನೋಡಿದ್ದೀವಿ. 2021ರ ಮೇ 3, ಬೆಳ್ಳಂಬೆಳಗ್ಗೆ, ಪದ್ಮಾ ನದಿಯಲ್ಲಿ ಸ್ಪೀಡ್‌ಬೋಟೊಂದು ನಿಂತಿದ್ದ ಮರಳಿನ ನೌಕೆಗೆ ಹೋಗಿ ಬಡೀತು. ಸತ್ತವರು 26 ಜನ. ನಮ್ಮಲ್ಲೇ 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟ ನೀಲಕಮಲ್ ಲಾಂಚಿಗೆ ನೌಕಾದಳದ ಸ್ಪೀಡ್‌ಬೋಟು ಬಡಿದು 15 ಜನ ಹೋದರು, ಅದೂ ಸಂಜೆ ನಾಲ್ಕು ಗಂಟೆಯ ಬಿಸಿಲಲ್ಲಿ. ಅದಕ್ಕೂ ದೀಪಕ್ಕೂ ಸಂಬಂಧ ಇಲ್ಲ, ನಿಜ. ಆದ್ರೆ ಹಗಲಲ್ಲೇ ತಿರುಗಿಸೋಕೆ ಟೈಮು ಸಿಗದ ನೀರಿನಲ್ಲಿ ರಾತ್ರಿ ಕಾಣದ ಬಾರ್ಜು ಇದ್ರೆ ಅಂತ ಯೋಚನೆ ಬರ್ದೇ ಇರತ್ತಾ?

ಆ ಕೋಳಿ ಅಪ್ಪನಿಗೆ ಕಂಪನಿಯಿಂದ ಒಂದು ಪೈಸೆ ಸಿಗಲಿಲ್ಲ. ಟಗ್ಗಿನವರು, ಬಾರ್ಜಿನವರು ತಲೆಗೆ ಹತ್ತತ್ತು ರೂಪಾಯಿ ಹಾಕಿ ದೋಣಿಯ ಹಲಗೆಗೆ ಕೊಟ್ಟರು. ಒಟ್ಟು ಮಾಡಿದವನು ನಮ್ಮ ತಂಡೇಲ. ನಾನು ಐವತ್ತು ಕೊಟ್ಟೆ. ನನ್ನ ಮುಖ ನೋಡ್ದ, ಏನೂ ಕೇಳಲಿಲ್ಲ, ಮಡಚಿ ಜೇಬಿಗೆ ಹಾಕ್ಕೊಂಡ. ಬಿಲ್ಲಿನ ಸಾಲು ಹೊಡೆದು ಹಾಕಿದವನು ನಾನು ಅಂತ ಅವನಿಗೆ ಹೇಳಿದ್ದು ಎಷ್ಟೋ ವರ್ಷ ಆದ ಮೇಲೆ, ಅವನು ರಿಟೈರಾಗಿ ಊರಿಗೆ ಹೋಗೋ ಮುಂಚಿನ ದಿನ. "ನಂಗೆ ಗೊತ್ತಿತ್ತಾ ತಮಾ" ಅಂದ.

ರಿಸೆಪ್ಷನ್ನಿಂದ ಬಂದ ಮರುದಿನ ಅವನಿಗೆ ಫೋನ್ ಮಾಡಿದ್ದೆ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ಕೂಗಿ ಮಾತಾಡಬೇಕು. ಶಿವಡಿ ಹತ್ರ ಬಾರ್ಜು ಕಂಡೆ ಅಂದೆ.

"ದೀಪ ಇತ್ತಾ?" ಅಂದ.

"ಒಂದ್ರಲ್ಲಿ ಇದ್ದ ಹಾಗಿತ್ತು."

"ಒಳಗಿನದ್ರಲ್ಲಾ, ಹೊರಗಿನದ್ರಲ್ಲಾ?"

ಫ್ರೀವೇ ಮೇಲಿಂದ ಅದು ಗೊತ್ತಾಗಲಿಲ್ಲ.